ಆಟ ಕಲೆಯೇ ಎಂದು ಕೇಳಿದ ಮಗಳಿಗೆ

ಚಿ. ಸಿಂಚನಾಳಿಗೆ ದೊಡ್ಡಪ್ಪನ ಶುಭಾಶೀರ್ವಾದಗಳು.

ನಿನ್ನ ಪತ್ರ ಬಂತು. ಬೆಂಗಳೂರಿನಲ್ಲಿ ವಿಡಿಯೊ ಗೇಮ್ ತಯಾರಿಸುವ ಕಂಪನಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದು ನನಗೂ ದೊಡ್ಡಮ್ಮನಿಗೂ ತುಂಬ ಸಂತೋಷದ ಸುದ್ದಿ. ಆದರೆ ಪತ್ರದಲ್ಲಿ ಕೆಲಸದ ವಿಚಾರಕ್ಕಿಂತ ಅಪ್ಪನ ಮೇಲಿನ ಮುನಿಸೇ ಹೆಚ್ಚಿದೆ. ‘ಆಟ ಮಾಡಿಕೊಡುವುದನ್ನೂ ಕಲೆ ಎನ್ನುತ್ತಾರೆಯೇ?’ ಎಂದು ಅವನು ಕೇಳಿದ್ದು ನಿನ್ನ ಮನಸ್ಸಿಗೆ ನಾಟಿದೆ. ವಿಡಿಯೊ ಗೇಮ್ ಕಲೆಯೇ ಹೌದು ಎನ್ನುವುದಕ್ಕೆ ಪುರಾವೆಗಳನ್ನು ಒಟ್ಟುಮಾಡಿ, ‘ನೀವು ಹೇಳಿದರೆ ಅಪ್ಪ ಕೇಳುತ್ತಾರೆ’ ಎಂದು ಬರೆದಿದ್ದೀಯೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಿಡಿಯೊ ಗೇಮ್ ಕಲೆಯಾಗಬಲ್ಲದು. ಕೆಲವು ಆಗಿಯೂ ಇವೆ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನೀನು ಕಳುಹಿಸಿದ ಪುರಾವೆಗಳಿಂದ ಅದು ಸಾಬೀತಾಗುವುದಿಲ್ಲ. ಅವುಗಳನ್ನೇ ನೆಚ್ಚಿಕೊಂಡರೆ ನಾಳೆ ನಿನ್ನ ಕೆಲಸವೂ ದಾರಿ ತಪ್ಪೀತು ಎಂಬ ಭಯದಿಂದ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ನಿನ್ನ ಪಟ್ಟಿಯಲ್ಲಿ ಮೊದಲು ಇರುವುದು ಅಮೆರಿಕದ ಸುಪ್ರೀಂ ಕೋರ್ಟಿನ 2011ರ ತೀರ್ಪು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ್ದ ಕಾನೂನನ್ನು ಕೋರ್ಟು ತಳ್ಳಿಹಾಕಿತು. ಪುಸ್ತಕ, ನಾಟಕ, ಸಿನಿಮಾಗಳಿಗೆ ಇರುವ ವಾಕ್‌ಸ್ವಾತಂತ್ರ್ಯದ ರಕ್ಷಣೆ ಈ ಆಟಗಳಿಗೂ ಇದೆ ಎಂದಿತು. ಆದರೆ ಕೋರ್ಟು ತೂಗಿ ನೋಡಿದ್ದು ಸರ್ಕಾರ ಇದರಲ್ಲಿ ಕೈಹಾಕಬಹುದೇ ಎಂಬುದನ್ನು ಮಾತ್ರ. ಅತ್ಯಂತ ಕಳಪೆ ಕಾದಂಬರಿಗೂ ಅದೇ ರಕ್ಷಣೆ ಸಿಗುತ್ತದೆ. ಎರಡನೆಯದು, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಪ್ಯಾಕ್‌ಮ್ಯಾನ್, ಟೆಟ್ರಿಸ್ ಮೊದಲಾದ 14 ಆಟಗಳನ್ನು ಸಂಗ್ರಹಕ್ಕೆ ತೆಗೆದುಕೊಂಡದ್ದು. ಅವು ಸೇರಿರುವುದು ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ ಎಂಬುದನ್ನು ಗಮನಿಸು. ಒಳ್ಳೆಯ ವಿನ್ಯಾಸದ ಕುರ್ಚಿಗಳೂ ಆ ವಿಭಾಗದಲ್ಲೇ ಇವೆ. ಇನ್ನು, ಮಾರಿಯೋ ಆಟದ ಜನಕ ಶಿಗೆರು ಮಿಯಾಮೊಟೊ ಅವರಿಗೆ ಫ್ರಾನ್ಸ್ ಸರ್ಕಾರ 2006ರಲ್ಲಿ ಕಲೆ ಮತ್ತು ಸಾಹಿತ್ಯದ ಗೌರವ ಪದವಿ ಕೊಟ್ಟಿತು. ಸಂತೋಷವೇ. ಆದರೆ ಆ ಆಟದಲ್ಲಿ ಕಲೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಕೆಲಸ ಹಾಗೆಯೇ ಉಳಿಯಿತು, ಅಲ್ಲವೇ?

‘ಸಿನಿಮಾ ಬಂದಾಗಲೂ ಜನ ಹೀಗೇ ಮೂಗು ಮುರಿದಿದ್ದರು’ ಎಂಬ ಮಾತನ್ನಂತೂ ಬಿಟ್ಟೇಬಿಡು. ಹಿಂದೆ ಒಂದಕ್ಕೆ ಅನ್ಯಾಯವಾಯಿತು ಎಂದಮಾತ್ರಕ್ಕೆ ಇಂದು ಇನ್ನೊಂದರ ಹಕ್ಕು ಸಾಬೀತಾಗುವುದಿಲ್ಲ. ಜನ ಮೂಗು ಮುರಿದ ಎಷ್ಟೋ ಸಂಗತಿಗಳು ನಿಜಕ್ಕೂ ಅದಕ್ಕೆ ತಕ್ಕವೇ ಆಗಿದ್ದವು.

ನೀನು ಎದುರಿಸಬೇಕಾದ ವಾದ ಅಪ್ಪನದಲ್ಲ, ರೋಜರ್ ಈಬರ್ಟ್ ಅವರದು. ಚಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಸಿನಿಮಾ ವಿಮರ್ಶಕ; ಸಿನಿಮಾ ವಿಮರ್ಶೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲಿಗ, 1975ರಲ್ಲಿ. ವಿಡಿಯೊ ಗೇಮ್ ಎಂದೂ ಕಲೆಯಾಗಲಾರದು ಎಂದು 2010ರಲ್ಲಿ ಅವರು ಬರೆದರು. ಅವರ ವಾದದಲ್ಲಿ ಎರಡು ಎಳೆಗಳಿವೆ. ಆಟಕ್ಕೆ ನಿಯಮ, ಅಂಕ, ಗುರಿ ಇರುತ್ತವೆ, ಅದನ್ನು ಗೆಲ್ಲಬಹುದು; ಕಾದಂಬರಿಯನ್ನೋ ನೃತ್ಯವನ್ನೋ ಯಾರೂ ‘ಗೆಲ್ಲುವುದಿಲ್ಲ’, ಅನುಭವಿಸುತ್ತಾರೆ. ಇನ್ನೊಂದು, ಅವರು ಮೊದಲಿನಿಂದ ಹೇಳುತ್ತಿದ್ದದ್ದು: ಕಲೆಯಲ್ಲಿ ಕರ್ತೃವಿನ ಹಿಡಿತವಿರಬೇಕು, ಆಟದಲ್ಲಿ ಆಡುವವನ ಆಯ್ಕೆಯೇ ಮುಂದಾಗುತ್ತದೆ. ಕೆಲವು ತಿಂಗಳ ನಂತರ ಅವರು, ಆಡಿ ನೋಡದೆ ಈ ವಿಷಯ ಎತ್ತಬಾರದಿತ್ತು ಎಂದು ಒಪ್ಪಿಕೊಂಡರು. ಅಭಿಪ್ರಾಯವನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಿನ್ನ ವಯಸ್ಸಿನವರು ಈ ತಪ್ಪೊಪ್ಪಿಗೆಯನ್ನೇ ಗೆಲುವು ಎಂದುಕೊಂಡು ಹಿಗ್ಗುತ್ತಾರೆ. ನೀನು ಹಾಗೆ ಮಾಡಬೇಡ. ಆಡದವನ ಮಾತೆಂದು ತಳ್ಳಿಹಾಕಿದರೆ ವಾದ ಸಾಯುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕು.

ಕರ್ತೃವಿನ ಹಿಡಿತದ ಮಾತಿಗೆ ಉತ್ತರ ನಮ್ಮ ಮನೆಯ ಜಗಲಿಯಲ್ಲೇ ಇದೆ. ನೀನು ಚಿಕ್ಕಂದಿನಿಂದ ತಾಳಮದ್ದಳೆ ಕೇಳಿದವಳು. ಪದ್ಯ ಪ್ರಸಂಗಕರ್ತನದು. ಭಾಗವತರು ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಆಮೇಲೆ ಅರ್ಥಧಾರಿ ಆಡುವ ಮಾತು ಎಲ್ಲಿಯೂ ಬರೆದಿಟ್ಟದ್ದಲ್ಲ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿಯ ಅರ್ಥವನ್ನು ನಾನು ಹೇಳುವಾಗ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷತ್ರಿಯ ಧರ್ಮ ಎಂದು ರಾಮನನ್ನು ಕೇಳುತ್ತೇನೆ. ಎದುರಿಗಿರುವ ರಾಮ ಸಮರ್ಥನಾಗಿದ್ದರೆ ಒಂದು ಬಗೆಯಲ್ಲಿ ಸಂವಾದ ಬೆಳೆಯುತ್ತದೆ, ಹೊಸಬನಾಗಿದ್ದರೆ ಇನ್ನೊಂದು ಬಗೆಯಲ್ಲಿ. ನಾನು ಅವನನ್ನು ಮಾತಿನಲ್ಲಿ ಕಟ್ಟಿಹಾಕಲೂಬಹುದು. ಆದರೆ ವಾಲಿ ಸಾಯಲೇಬೇಕು, ಸುಗ್ರೀವನಿಗೆ ಪಟ್ಟವಾಗಲೇಬೇಕು. ಮುಂದಿನ ಪದ್ಯ ಅಲ್ಲಿಗೇ ಹೋಗುತ್ತದೆ. ಎಷ್ಟು ವಾದಿಸಿದರೂ ಸಾವಿನಿಂದ ತಪ್ಪಿಸಿಕೊಳ್ಳಲಾಗದು ಎಂಬುದರಿಂದಲೇ ಆ ವಾದಕ್ಕೆ ತೀವ್ರತೆ ಬರುತ್ತದೆ. ಇಲ್ಲಿ ಕವಿಯ ಹಿಡಿತ ಸಡಿಲವಾಯಿತೆಂದು ಯಾರೂ ಹೇಳಿಲ್ಲ. ಯಾವ ಮಾತಿಗೆ ಎಡೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ನಿಶ್ಚಯಿಸುವುದೂ ಕರ್ತೃತ್ವವೇ. ಆಟ ಕಟ್ಟುವ ನಿನ್ನ ಕೆಲಸ ಪ್ರಸಂಗಕರ್ತನದು, ಆಡುವವನು ಅರ್ಥಧಾರಿ.

ಇದಕ್ಕಿಂತ ಕಠಿಣವಾದ ಒಂದು ಆಕ್ಷೇಪ ನಮ್ಮ ಕಾವ್ಯಮೀಮಾಂಸೆಯಿಂದ ಬರುತ್ತದೆ. ಈಬರ್ಟ್ ಅವರಿಗೆ ಇದು ಹೊಳೆಯುವಂತಿರಲಿಲ್ಲ, ನಿನಗೆ ಹೊಳೆಯಬೇಕು. ರಸ, ಎಂದರೆ ಕಲೆಯಿಂದ ದಕ್ಕುವ ಭಾವದ ಸವಿ, ಇರುವುದು ಸಹೃದಯನಲ್ಲಿ, ಎಂದರೆ ನೋಡಿ ಸವಿಯುವವನಲ್ಲಿ; ನಟನಲ್ಲಲ್ಲ. ನಟ ರಸವನ್ನು ತಲುಪಿಸುವ ಪಾತ್ರೆ ಮಾತ್ರ ಎನ್ನುತ್ತಾನೆ ಕಾಶ್ಮೀರದ ಮೀಮಾಂಸಕ ಅಭಿನವಗುಪ್ತ. ಸಹೃದಯನಿಗೆ ರಸಾನುಭವ ಸಾಧ್ಯವಾಗುವುದು ರಂಗದ ಮೇಲಿನ ದುಃಖ ತನ್ನ ಸ್ವಂತದ್ದಲ್ಲವಾದ್ದರಿಂದ. ಹಾಗಿದ್ದರೆ ಆಡುವವನು ಯಾರು, ನಟನೋ ಸಹೃದಯನೋ? ಗುರಿ ಮುಟ್ಟಬೇಕೆಂಬ ಸ್ವಂತ ಆಸೆ ಹೊತ್ತು ಕುಳಿತವನಿಗೆ ರಸ ಹೇಗೆ ದಕ್ಕೀತು? ಇದನ್ನು ನಾನು ತುಂಬ ಯೋಚಿಸಿದ್ದೇನೆ. ನನಗೆ ತೋರುವುದು ಇಷ್ಟು: ಒಳ್ಳೆಯ ಆಟದಲ್ಲಿ ಆಡುವವನು ಹೆಚ್ಚು ಹೊತ್ತು ನಟನೇ. ಆದರೆ ಆಟ ಒಂದು ಘಟ್ಟದಲ್ಲಿ ಅವನನ್ನು ತಡೆದು ನಿಲ್ಲಿಸಿ, ಅವನು ಮಾಡಿದ್ದನ್ನು ಅವನಿಗೇ ತೋರಿಸುತ್ತದೆ. ಆ ಗಳಿಗೆಯಲ್ಲಿ ಅವನು ತನ್ನ ಕೃತ್ಯಕ್ಕೆ ತಾನೇ ಸಹೃದಯನಾಗುತ್ತಾನೆ. ಹೀಗೆ ನಿಲ್ಲಿಸುವ ಶಕ್ತಿಯಿಲ್ಲದ ಆಟ ಎಷ್ಟೇ ಅಂದವಾಗಿದ್ದರೂ ಮನರಂಜನೆಯಾಗಿಯೇ ಉಳಿಯುತ್ತದೆ.

ಇದು ಬರಿಯ ಸಿದ್ಧಾಂತವಲ್ಲ. ನೀನೇ ಆಡಿಸಿದ ‘ಪ್ಯಾಸೇಜ್’ ಆಟವನ್ನು ನೆನಪು ಮಾಡಿಕೊ. ಜೇಸನ್ ರೋರರ್ 2007ರಲ್ಲಿ ಮಾಡಿದ್ದು. ಐದು ನಿಮಿಷದಲ್ಲಿ ಮುಗಿಯುತ್ತದೆ. ಪರದೆಯ ಮೇಲೆ ಅಡ್ಡಕ್ಕೆ ಒಂದು ಸಣ್ಣ ಪಟ್ಟಿ, 100 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಎಡತುದಿಯಲ್ಲಿ ಒಬ್ಬ ಯುವಕ ನಿಂತಿದ್ದಾನೆ. ಮುಂದಿನದೆಲ್ಲ ಬಲತುದಿಯಲ್ಲಿ ಮುದ್ದೆಯಾಗಿ ಅಸ್ಪಷ್ಟವಾಗಿ ಕಾಣುತ್ತದೆ. ಒಬ್ಬ ಹೆಣ್ಣುಮಗಳು ಎದುರಾಗುತ್ತಾಳೆ. ಮುಟ್ಟಿದರೆ ಜೊತೆಗೂಡುತ್ತಾಳೆ. ಕೂಡಿದ ಮೇಲೆ ಇಕ್ಕಟ್ಟಿನ ಸಂದಿಗಳಲ್ಲಿ ಇಬ್ಬರೂ ನುಗ್ಗಲಾಗುವುದಿಲ್ಲ. ಸಂಪತ್ತಿನ ಕೆಲವು ಪೆಟ್ಟಿಗೆಗಳು ಕಣ್ಣೆದುರಿಗೇ ಕೈತಪ್ಪುತ್ತವೆ. ನಡೆಯುತ್ತ ನಡೆಯುತ್ತ ಗೊಂಬೆ ಪರದೆಯ ಬಲಕ್ಕೆ ಸರಿಯುತ್ತದೆ, ಹಿಂದೆ ಉಳಿದದ್ದು ಮಸುಕಾಗುತ್ತದೆ, ತಲೆ ನರೆಯುತ್ತದೆ, ಬೆನ್ನು ಬಾಗುತ್ತದೆ. ಒಂದು ಹೆಜ್ಜೆಯಲ್ಲಿ ಅವಳಿದ್ದ ಜಾಗದಲ್ಲಿ ಗೋರಿಕಲ್ಲು. ಅಲ್ಲಿಂದ ಮುಂದೆ ನಡಿಗೆ ನಿಧಾನವಾಗುತ್ತದೆ. ನಾನು ಕೀಲಿಯನ್ನು ಒತ್ತುತ್ತಲೇ ಇದ್ದೆ, ಅವನು ಮೊದಲಿನ ವೇಗದಲ್ಲಿ ನಡೆಯಲೊಲ್ಲ. ಈಗ ಸಂದಿಗಳಿಗೆಲ್ಲ ನುಗ್ಗಬಹುದು, ಪೆಟ್ಟಿಗೆಗಳನ್ನು ತೆರೆಯಬಹುದು. ತೆರೆಯಬೇಕೆಂಬ ಮನಸ್ಸೇ ಇಲ್ಲ.

ಅದರಲ್ಲಿ ಚಿತ್ರವೆಂದು ಹೇಳಿಕೊಳ್ಳುವಂಥದ್ದಿಲ್ಲ, ಸಂಭಾಷಣೆ ಒಂದೂ ಇಲ್ಲ. ದಾಂಪತ್ಯದ ಬಗ್ಗೆ ಅದು ಹೇಳುವುದನ್ನೆಲ್ಲ ‘ಇಬ್ಬರಾದರೆ ಸಂದಿಯಲ್ಲಿ ಹಿಡಿಸುವುದಿಲ್ಲ’ ಎಂಬ ನಿಯಮವೇ ಹೇಳಿತು. ಮುಪ್ಪನ್ನು ಹೇಳಿದ್ದು ಕೀಲಿ ಒತ್ತಿದರೂ ನಿಧಾನವಾದ ನಡಿಗೆ. ಸಿಂಚನಾ, ನೀನು ಹುಡುಕುತ್ತಿರುವ ಪುರಾವೆ ಇದು. ಮಾತಿಗೆ ಕಾವ್ಯ, ನಾದಕ್ಕೆ ಸಂಗೀತ ಇರುವ ಹಾಗೆ ಆಟಕ್ಕೆ ನಿಯಮವೇ ಮಾಧ್ಯಮ.

ದೇವಸ್ಥಾನದ ಜಗಲಿಯ ಕಲ್ಲಿನಲ್ಲಿ ಹುಲಿ-ಕುರಿ ಆಟದ ಮನೆಗಳನ್ನು ಕೊರೆದವರಿಗೂ ಇದು ತಿಳಿದಿತ್ತು. ಹುಲಿ ಕುರಿಯ ಮೇಲಿಂದ ಹಾರಿ ಅದನ್ನು ಕೊಲ್ಲುತ್ತದೆ. ಕುರಿಗೆ ಕೊಲ್ಲುವ ಹಕ್ಕೇ ಇಲ್ಲ. ಒಟ್ಟಾಗಿ ನಿಂತು ಹುಲಿ ಅಲುಗಾಡದಂತೆ ಕಟ್ಟಿಹಾಕುವುದೊಂದೇ ಅದರ ದಾರಿ. ಗುಂಪು ಬಿಟ್ಟು ಮುಂದೆ ಹೋದ ಕುರಿ ಸತ್ತಿತು. ಬಲವಿಲ್ಲದವರು ಬಲಶಾಲಿಯನ್ನು ಹೇಗೆ ಎದುರಿಸಬೇಕೆಂಬ ಒಂದು ಇಡೀ ದರ್ಶನ ನಾಲ್ಕು ಗೆರೆ, ಎರಡು ನಿಯಮಗಳಲ್ಲಿದೆ. ಆಡುವ ಮಕ್ಕಳಿಗೆ ಅದನ್ನು ಬಾಯಿಬಿಟ್ಟು ಯಾರೂ ಹೇಳಬೇಕಿರಲಿಲ್ಲ.

ನಿನ್ನ ತಮ್ಮ ಕಳೆದ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ‘ದಿಸ್ ವಾರ್ ಆಫ್ ಮೈನ್’ ಆಡುತ್ತಿದ್ದ. ಪೋಲೆಂಡಿನ ವಾರ್ಸಾದಲ್ಲಿ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಹೊರತಂದ ಆಟ. ತೊಂಬತ್ತರ ದಶಕದಲ್ಲಿ ಬೋಸ್ನಿಯಾದ ಸರಾಯೆವೊ ನಗರಕ್ಕೆ ಹಾಕಿದ ಮುತ್ತಿಗೆಯಿಂದ ಹುಟ್ಟಿದ್ದು. ನಾವು ಸೈನಿಕರಾಗುವುದಿಲ್ಲ, ಮುರುಕು ಮನೆಯಲ್ಲಿ ಅಡಗಿರುವ ನಾಗರಿಕರಾಗುತ್ತೇವೆ. ಹಗಲು ಒಲೆ, ಹಾಸಿಗೆ ಕಟ್ಟಿಕೊಳ್ಳುವುದು, ರಾತ್ರಿ ಅನ್ನ, ಔಷಧ ಹುಡುಕಿ ಹೋಗುವುದು. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಒಂದು ರಾತ್ರಿ ಒಂದು ಮನೆಗೆ ನುಗ್ಗಿದ. ಅಲ್ಲಿ ಇದ್ದವರು ವಯಸ್ಸಾದ ಗಂಡಹೆಂಡತಿ. ಮುದುಕ ಬೇಡಿಕೊಂಡನೇ ಹೊರತು ತಡೆಯುವ ತ್ರಾಣ ಅವನಲ್ಲಿರಲಿಲ್ಲ. ಇವನು ಔಷಧವನ್ನೂ ಊಟದ ಸಾಮಾನನ್ನೂ ಎತ್ತಿಕೊಂಡು ಬಂದ. ಆಟ ‘ಸೋತೆ’ ಎನ್ನಲಿಲ್ಲ, ಅಂಕ ಕಳೆಯಲಿಲ್ಲ. ಮಾರನೆಯ ದಿನ ಕಳ್ಳತನ ಮಾಡಿದ ಪಾತ್ರ ಮಂಕಾಗಿ ಕುಳಿತುಬಿಟ್ಟಿತು. ನಿನ್ನ ತಮ್ಮ ಲ್ಯಾಪ್‌ಟಾಪ್ ಮುಚ್ಚಿ, ‘ಬೇರೆ ಮನೆಗೆ ಹೋಗಬಹುದಿತ್ತು ದೊಡ್ಡಪ್ಪ’ ಎಂದ.

ಸಿನಿಮಾದಲ್ಲಿ ಆ ಮುದುಕರ ಮನೆ ದೋಚಿದ್ದರೆ ಹುಡುಗನಿಗೆ ಕಳ್ಳನ ಮೇಲೆ ಸಿಟ್ಟು ಬರುತ್ತಿತ್ತು. ಇಲ್ಲಿ ಸಿಟ್ಟು ಮಾಡಲು ಬೇರೆ ಯಾರೂ ಇರಲಿಲ್ಲ. ‘ನಾನು ಮಾಡಿದೆ’ ಎಂಬ ಈ ಭಾವವನ್ನು ಬೇರೆ ಯಾವ ಕಲೆಯೂ ಇಷ್ಟು ನೇರವಾಗಿ ಕೊಡಲಾರದು. ಪೋಲೆಂಡ್ ಸರ್ಕಾರ 2020ರಲ್ಲಿ ಈ ಆಟವನ್ನು ಶಾಲೆಯ ಓದಿನ ಪಟ್ಟಿಗೆ ಸೇರಿಸುವುದಾಗಿ ಘೋಷಿಸಿತು. ನೀನು ಕಳುಹಿಸಿದ ಎಲ್ಲ ಪುರಾವೆಗಳಿಗಿಂತ ಇದು ನನಗೆ ಹೆಚ್ಚಿನದು. ಯಾಕೆಂದರೆ ಎರಡನೆಯ ಮಹಾಯುದ್ಧವನ್ನು ಮನೆಮನೆಯಲ್ಲಿ ಉಂಡ ದೇಶ ಅದು; ಯುದ್ಧ ಎಂದರೇನು ಎಂದು ಮಕ್ಕಳಿಗೆ ತಿಳಿಸಲು ಅದು ಈ ಆಟವನ್ನು ಆರಿಸಿಕೊಂಡಿತು.

ಈಗ ನನ್ನ ಹಿತವಚನಕ್ಕೆ ಬರುತ್ತೇನೆ. ಕಲೆ ಎನಿಸಿಕೊಳ್ಳುವ ಆತುರದಲ್ಲಿ ಆಟವನ್ನು ಸಿನಿಮಾ ಮಾಡಬೇಡ. ನಿನ್ನ ಪತ್ರದಲ್ಲಿ ‘ದೃಶ್ಯಗಳು ಸಿನಿಮಾದ ಹಾಗಿವೆ, ಸಂಗೀತಕ್ಕೆ ಇಡೀ ವಾದ್ಯವೃಂದವಿದೆ’ ಎಂದು ಒಂದು ಆಟವನ್ನು ಹೊಗಳಿದ್ದೀಯೆ. ಆಟದೊಳಗೆ ಒಳ್ಳೆಯ ಚಿತ್ರ, ಒಳ್ಳೆಯ ಸಂಗೀತ ಇದ್ದರೆ ಚಿತ್ರಕಾರನಿಗೂ ಸಂಗೀತಗಾರನಿಗೂ ಮರ್ಯಾದೆ ಸಲ್ಲುತ್ತದೆ, ಆಟಕ್ಕೇನು ಸಂದಿತು? ಮೈಸೂರಿನ ಗಂಜೀಫಾ ಎಂಬ, ಇಸ್ಪೀಟಿನಂಥ ಆಟದ ಎಲೆಗಳ ಗತಿ ನೋಡು. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳೆಂದರೆ ಜೀವ ಬಿಡುತ್ತಿದ್ದ ಅರಸು. ಗಂಜೀಫಾದಲ್ಲಿ ತಾವೇ ಹೊಸ ಹೊಸ ಆಟಗಳನ್ನು ಕಟ್ಟಿದರು. ಇಂದು ಆ ಎಲೆಗಳ ಮೇಲಿನ ಚಿತ್ರಗಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ, ಕಲೆ ಎಂದು ಕೊಂಡಾಡುತ್ತೇವೆ. ಆಡಲು ಬರುವವರನ್ನು ಹುಡುಕಬೇಕು. ಕಲೆಯ ಪಟ್ಟ ಚಿತ್ರಕ್ಕೆ ಸಿಕ್ಕಿತು, ಆಟ ಸತ್ತಿತು. ವಿಡಿಯೊ ಗೇಮಿಗೂ ಹೀಗಾಗಬಾರದೆಂಬುದು ನನ್ನ ಆಸೆ. ಹೊಯ್ಸಳರ ಕಂಬ, ಹುಲಿವೇಷ, ಭೂತದ ಅಣಿ ಎಂದು ಹಿನ್ನೆಲೆಗೆ ತಂದು ನಿಲ್ಲಿಸಿದರೂ ನಿಯಮ ಮಾತ್ರ ‘ಎದುರಾದವನನ್ನು ಹೊಡೆ’ ಎಂಬುದೇ ಆಗಿದ್ದರೆ, ಆ ಆಟದಲ್ಲಿ ನಮ್ಮ ನೆಲದ್ದು ಏನೂ ಇಲ್ಲ.

ಆಡಿದವರು ತಪ್ಪಾಗಿ ನಡೆದುಕೊಂಡರೆ ಅವರನ್ನು ಬೈಯುವ ಮೊದಲು ನೀನು ಬರೆದ ನಿಯಮವನ್ನು ನೋಡು. ಈಬರ್ಟ್ ಅವರು ಯಾರ ಭಾಷಣಕ್ಕೆ ಉತ್ತರವಾಗಿ ಬರೆದರೋ ಆ ಕೆಲ್ಲಿ ಸ್ಯಾಂಟಿಯಾಗೊ, ಜೆನೋವಾ ಚೆನ್ ಜೊತೆ ಸೇರಿ ಕಟ್ಟಿದ ಸಂಸ್ಥೆ 2012ರಲ್ಲಿ ‘ಜರ್ನಿ’ ಎಂಬ ಆಟ ಹೊರತಂದಿತು. ಮರಳುಗಾಡಿನಲ್ಲಿ ಇಬ್ಬರು ಅಪರಿಚಿತರು ಜೊತೆಯಾಗಿ ನಡೆಯುವುದೇ ಆಟ. ಮಾತಿಲ್ಲ, ಹಕ್ಕಿಯಂತೆ ಒಂದು ಕೂಗು ಮಾತ್ರ. ತಯಾರಿಯ ಹಂತದಲ್ಲಿ ಒಬ್ಬರ ಮೈ ಇನ್ನೊಬ್ಬರಿಗೆ ತಾಗುವಂತೆ ಮಾಡಿದ್ದರಂತೆ. ಪರಸ್ಪರ ನೆರವಾಗಲಿ ಎಂಬುದು ಅವರ ಎಣಿಕೆ. ಆಡಿದವರು ಒಬ್ಬರನ್ನೊಬ್ಬರು ಹಳ್ಳಕ್ಕೆ ತಳ್ಳಿದರು! ಚೆನ್ ಅವರು ನಿಯಮವನ್ನೇ ಬದಲಿಸಿದರು. ತಳ್ಳಲು ಆಗದಂತೆ ಮಾಡಿ, ಹತ್ತಿರ ಬಂದು ಮುಟ್ಟಿದರೆ ಇಬ್ಬರ ಉತ್ತರೀಯಕ್ಕೂ ಹಾರುವ ಶಕ್ತಿ ತುಂಬುವಂತೆ ಮಾಡಿದರು. ಗುರುತಿಲ್ಲದವರು ಒಬ್ಬರಿಗೊಬ್ಬರು ಕಾದು ನಿಲ್ಲತೊಡಗಿದರು. ಜನ ಅವರೇ, ಬದಲಾದದ್ದು ನಿಯಮ. ಎಂಥ ಅಧಿಕಾರ ನಿನ್ನ ಕೈಗೆ ಬರುತ್ತಿದೆ ಎಂಬುದನ್ನು ಇದರಿಂದ ತಿಳಿದುಕೊ.

ಆ ಅಧಿಕಾರ ಇನ್ನೊಂದು ದಿಕ್ಕಿಗೂ ಕೆಲಸ ಮಾಡುತ್ತದೆ. ಅಪ್ಪನ ಸಿಟ್ಟಿನ ಬೇರು ಅಲ್ಲಿದೆ. ಮುದುಕರ ಮನೆ ದೋಚಿದ್ದಕ್ಕೆ ಮರುಗಿದ ನಿನ್ನ ತಮ್ಮನೇ, ಮೊಬೈಲಿನ ಗುಂಡು ಹಾರಿಸುವ ಆಟದಲ್ಲಿ ಬಣ್ಣದ ಅಂಗಿ ಕೊಳ್ಳಲು ಅಪ್ಪನ ಖಾತೆಯಿಂದ ಹೇಳದೆ ದುಡ್ಡು ತೆಗೆದ. ಪರೀಕ್ಷೆಯ ಹೊತ್ತಿನಲ್ಲಿ ಬೆಳಗಿನ ಜಾವದವರೆಗೆ ಕುಳಿತ. ಅಪ್ಪ ಕಂಡ ವಿಡಿಯೊ ಗೇಮ್ ಅದು. ಅವನ ಮುಂದೆ ನೀನು ನ್ಯೂಯಾರ್ಕಿನ ಮ್ಯೂಸಿಯಮ್ಮಿನ ಹೆಸರು ಹೇಳಿದರೆ ಗಾಯದ ಮೇಲೆ ಉಪ್ಪು ಸುರಿದಂತೆ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನೀನು ಇರುವ ಊರಿನಲ್ಲೇ, ನಿಮ್ಹಾನ್ಸ್‌ನಲ್ಲಿ, ಇಂಥ ಗೀಳು ಹತ್ತಿದವರಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಕಲೆ ಎಂಬ ಮಾತಿನಿಂದ ಇದನ್ನೆಲ್ಲ ಮುಚ್ಚಬೇಡ.

ಪೆಟ್ಟಿಗೆಯೊಳಗೆ ಏನಿದೆ ಎಂದು ತೋರಿಸದೆ ದುಡ್ಡು ಕಟ್ಟಿಸಿಕೊಳ್ಳುವ ‘ಲೂಟ್ ಬಾಕ್ಸ್’ ತಂತ್ರವನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜು ಎಂದು ಕರೆಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 2025ರಲ್ಲಿ ಬಂತು. ಕಾನೂನಿನ ಕಣ್ಣಿಗೆ ಬೀಳದ ಬಲೆಗಳು ಇನ್ನೂ ಬೇಕಾದಷ್ಟಿವೆ. ದಿನಾ ಬಂದವನಿಗೆ ಬಹುಮಾನ, ಒಂದು ದಿನ ತಪ್ಪಿದರೆ ಗಳಿಸಿದ್ದೆಲ್ಲ ಮಾಯ, ಇಂಥವು. ಅವೂ ನಿಯಮಗಳೇ. ಆಡುವವನು ಎದ್ದು ಹೋಗಲಾಗದಂತೆ ಕಟ್ಟಿದ ನಿಯಮಗಳು. ನಾಳೆ ಕಚೇರಿಯಲ್ಲಿ ಇಂಥದ್ದೊಂದನ್ನು ಬರೆ ಎಂದು ಹೇಳಿದಾಗ ನೀನು ಏನು ಮಾಡುತ್ತೀಯೆ ಎಂಬುದನ್ನು ಈಗಲೇ ಯೋಚಿಸಿಟ್ಟುಕೊ. ಸಾಲದ ಕಂತು ಕಟ್ಟಬೇಕಾದಾಗ ಯೋಚಿಸಲು ಆಗುವುದಿಲ್ಲ. ಆಗುವುದಿಲ್ಲ ಎಂದು ಹೇಳಿ ಕೆಲಸ ಬಿಟ್ಟು ಬಂದರೆ ಈ ಮನೆಯ ಬಾಗಿಲು ತೆರೆದಿರುತ್ತದೆ. ಇದನ್ನು ನಾನು ಸುಮ್ಮನೆ ಬರೆಯುತ್ತಿಲ್ಲ; ದೊಡ್ಡಮ್ಮನನ್ನೂ ಕೇಳಿಯೇ ಬರೆದಿದ್ದೇನೆ.

ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಆದರೆ ಕಲೆಯ ವಿಷಯ ಎತ್ತುವುದಿಲ್ಲ. ನೀನು ಯಾವ ಬಗೆಯ ಆಟ ಮಾಡುತ್ತೀಯೆ, ಯಾವುದನ್ನು ಮಾಡುವುದಿಲ್ಲ ಎಂಬುದನ್ನು ಹೇಳುತ್ತೇನೆ. ಆಟ ಎಂದರೇ ಹಗುರ ಎಂದು ಅವನು ಅಂದರೆ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವನ್ನು ನೆನಪಿಸುತ್ತೇನೆ. ಇಂದ್ರಾದಿಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದು ನೋಡಲೂ ಕೇಳಲೂ ಒದಗುವ ಒಂದು ಆಟದ ವಸ್ತುವನ್ನು. ನಾಟ್ಯ ಹುಟ್ಟಿದ್ದು ಆ ಬೇಡಿಕೆಯಿಂದ. ಅವನಿಗೂ ಅದು ಗೊತ್ತಿದೆ, ಸಿಟ್ಟಿನಲ್ಲಿ ಮರೆತಿದ್ದಾನೆ ಅಷ್ಟೆ.

ದೀಪಾವಳಿಗೆ ಬರುವಾಗ ನೀನೇ ಕಟ್ಟುತ್ತಿದ್ದೇನೆಂದು ಬರೆದ ಆ ಪುಟ್ಟ ಆಟವನ್ನು ತಾ. ಅದಕ್ಕೂ ಮೊದಲು ಅದರ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಅಂಚೆಗೆ ಹಾಕು. ಚಿತ್ರ, ಸಂಗೀತ, ಕಥೆ ಯಾವುದೂ ಬೇಡ. ಆಡುವವನು ಏನು ಮಾಡಬಹುದು, ಏನು ಮಾಡಲಾಗದು, ಮಾಡಿದರೆ ಏನಾಗುತ್ತದೆ, ಇಷ್ಟೇ ಸಾಕು. ಓದಿ ನನಗೆ ಅನ್ನಿಸಿದ್ದನ್ನು ಮುಲಾಜಿಲ್ಲದೆ ಬರೆಯುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ